ಪೆನ್‌ಡ್ರೈವ್, ಹಳೇ ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ: ಮೂರರಲ್ಲೂ ಟ್ರಕ್ ಓಡಿಸಿ ನೋಡಿದೆ

ನನ್ನ ಲ್ಯಾಪ್‌ಟಾಪಿನಲ್ಲಿರುವುದು 256 ಜಿಬಿ. ಆಫೀಸ್ ಕೆಲಸ, ಮನೆಯವರ ಫೋಟೋ ಎಲ್ಲ ತುಂಬಿ ಸಿ ಡ್ರೈವ್ ಕೆಂಪಾಗಿತ್ತು. ಟ್ರಕ್ ಓಡಿಸುವ ಗೇಮ್ ಯೂರೋ ಟ್ರಕ್ ಸಿಮ್ಯುಲೇಟರ್ 2 ಡಿಲೀಟ್ ಮಾಡಲು ಮನಸ್ಸಾಗಲಿಲ್ಲ. ಅದನ್ನು ಹೊರಗಿನ ಡ್ರೈವಿಗೆ ಹಾಕಿದೆ. ಗೇಮ್ ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲಿ ಇದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಹೊಸ ಡ್ರೈವ್ ಸೇರಿಸಿ, ಗೇಮ್ ಆರಿಸಿ ‘ಮೂವ್’ ಒತ್ತಿದರೆ ಸಾಕು. ಮತ್ತೆ ಡೌನ್‌ಲೋಡ್ ಬೇಡ.

ಮೊದಲು 64 ಜಿಬಿಯ ಯುಎಸ್‌ಬಿ 3.0 ಪೆನ್‌ಡ್ರೈವ್. ಕಾಪಿ ಜೋರಾಗಿಯೇ ಶುರುವಾಯಿತು. ಐದು ನಿಮಿಷದಲ್ಲಿ ಸೆಕೆಂಡಿಗೆ 15 ಎಂಬಿಗೂ ಕೆಳಗೆ ಇಳಿಯಿತು. ಮುಟ್ಟಿದರೆ ಕಾಫಿ ಲೋಟದಷ್ಟು ಬಿಸಿ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಓದುವ ವೇಗ. ಬರೆಯುವ ವೇಗದ ಸುದ್ದಿಯೇ ಇರಲಿಲ್ಲ! ಆಟವೇನೋ ಓಡಿತು. ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಲೆಕ್ಕ) ಕೂಡ ಅಷ್ಟೇ ಇತ್ತು, ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರಿನ ಕೆಲಸ ತಾನೆ. ಆದರೆ ಹೆದ್ದಾರಿ ಬಿಟ್ಟು ಊರೊಳಗೆ ನುಗ್ಗುವಾಗ ಟ್ರಕ್ ಒಂದು ಕ್ಷಣ ನಿಂತು ಜಿಗಿಯುತ್ತಿತ್ತು. ಹೊಸ ಬೀದಿ, ಕಟ್ಟಡಗಳು ಚೂರುಚೂರಾಗಿ ಡ್ರೈವಿನಿಂದ ಬರಬೇಕು, ಅಲ್ಲಿಯೇ ಪೆನ್‌ಡ್ರೈವ್ ಸುಸ್ತು. ಅಪ್‌ಡೇಟ್ ಬಂದ ದಿನವಂತೂ ಆಟವೇ ಇಲ್ಲ, ಬರೆಯುವುದು ಮುಗಿಯಲು ಕಾಯಬೇಕು.

ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ 5400 ಆರ್‌ಪಿಎಂ (ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವ) ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ನೋಡಿದೆ. ಅಪ್‌ಡೇಟ್ ಬೇಗ ಮುಗಿಯಿತು. ಲೋಡಿಂಗ್ ಮಾತ್ರ ಟೀ ಮಾಡಿಕೊಂಡು ಬರುವಷ್ಟು. ಟೇಬಲ್ ಯಾರಾದರೂ ತಟ್ಟಿದರೆ ಎದೆ ಧಸಕ್ ಎನ್ನುತ್ತಿತ್ತು.

ಅದೇ ಕೇಸಿಗೆ ತಮ್ಮ ಕೊಟ್ಟ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡ್ರೈವ್) ಹಾಕಿದೆ. ಮೊದಲ ದಿನ ಇದೂ ನಿಧಾನ! ಬೈಯುವ ಮುಂಚೆ ನೋಡಿದರೆ ಕೇಬಲ್ ಕಪ್ಪು ಪೋರ್ಟಿನಲ್ಲಿತ್ತು. ಅದು ಯುಎಸ್‌ಬಿ 2.0, ಕೈಗೆ ಸಿಗುವುದು ಸೆಕೆಂಡಿಗೆ 35–40 ಎಂಬಿ ಅಷ್ಟೆ. ನೀಲಿ ಪೋರ್ಟಿಗೆ ಹಾಕಿದ ಮೇಲೆ ಒಳಗಿನ ಡ್ರೈವಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಪೆನ್‌ಡ್ರೈವಿಗೆ ಅನ್ಯಾಯ ಮಾಡಿದೆನೇನೋ ಎಂದು ಅದನ್ನೂ ನೀಲಿ ಪೋರ್ಟಿನಲ್ಲಿ ಮತ್ತೆ ಓಡಿಸಿದೆ. ಲೋಡಿಂಗ್ ಸ್ವಲ್ಪ ಸುಧಾರಿಸಿತು. ಊರೊಳಗಿನ ಜಿಗಿತ ಹೋಗಲಿಲ್ಲ. ಈಗ ಅದರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಇದೆ. ಒಂದು ಜಿಬಿಯೂ ಇಲ್ಲದ ಆ ಗೇಮಿಗೆ ಪೆನ್‌ಡ್ರೈವ್ ಧಾರಾಳ.

ಮೂರನ್ನೂ ಎನ್‌ಟಿಎಫ್‌ಎಸ್‌ಗೆ (ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ಬಗೆ) ಫಾರ್ಮ್ಯಾಟ್ ಮಾಡಿದ್ದೆ. ಇನ್ನೊಂದು ಬಗೆಯಾದ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಇನ್ನೊಂದು ಕಿರಿಕಿರಿ ಡ್ರೈವ್ ಅಕ್ಷರದ್ದು. ಇವತ್ತು ಇ, ನಾಳೆ ಎಫ್ ಆದರೆ ಗೇಮೇ ಇಲ್ಲ ಎನ್ನುತ್ತದೆ ಸ್ಟೀಮ್. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ‘ಜಿ’ ಎಂದು ಖಾಯಂ ಮಾಡಿದೆ.

ಇಷ್ಟೆಲ್ಲ ಆದ ಮೇಲೆ ಜಂಬದಿಂದ ಎಸ್‌ಎಸ್‌ಡಿ ಜೇಬಿಗಿಟ್ಟುಕೊಂಡು ತುಮಕೂರಿನ ಭಾವನ ಮನೆಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ಗೇಮ್ ತೆರೆಯಿತು. ಅಲ್ಲಿಯವರೆಗೆ ಆಡಿದ್ದೆಲ್ಲ ಉಳಿದಿರುವ ನನ್ನ ಪ್ರೊಫೈಲ್ ಇಲ್ಲ, ಇಷ್ಟಪಟ್ಟು ಹಾಕಿಕೊಂಡಿದ್ದ ಕೆಎಸ್‌ಆರ್‌ಟಿಸಿ ಬಸ್ ಮಾಡ್ (ಗೇಮಿಗೆ ಹೊರಗಿನಿಂದ ಸೇರಿಸುವ ಫೈಲ್) ಇಲ್ಲ. ಅವೆರಡೂ ಇರುವುದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ, ಅಂದರೆ ಮನೆಯಲ್ಲೇ ಬಿಟ್ಟುಬಂದ ಲ್ಯಾಪ್‌ಟಾಪಿನ ಸಿ ಡ್ರೈವಿನಲ್ಲಿ. “ಏನಪ್ಪಾ, ಬಸ್ಸು ತೋರಿಸ್ತೀನಿ ಅಂದಿದ್ದೆಯಲ್ಲ?” ಎಂದರು ಭಾವ. ಮನೆಗೆ ಬಂದವನೇ ಪ್ರೊಫೈಲನ್ನು ಇಂಟರ್ನೆಟ್ಟಿನಲ್ಲಿ ಉಳಿಸಿಡುವ ಸ್ಟೀಮ್ ಕ್ಲೌಡಿಗೆ ಹಾಕಿದೆ. ಮಾಡ್ ಫೋಲ್ಡರಿನ ಒಂದು ಕಾಪಿ ಈಗ ಎಸ್‌ಎಸ್‌ಡಿಯಲ್ಲೇ ಇದೆ.