ಅಲಾಯ್ ವೀಲ್ ಪೇಂಟ್ ಮನೆಯಲ್ಲೇ ಕೀಳಲು ಹೊರಟವರು ಮೊದಲು ಇದನ್ನು ಓದಿ

ಕಾರಿನ ಅಲಾಯ್ ವೀಲ್‌ಗಳ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ, ಪೇಂಟ್ ಕಿತ್ತು, ಕೈಯಲ್ಲೇ ಉಜ್ಜಿ, ಫಳಫಳ ಹೊಳೆಯುವ ಹಾಗೆ ಮಾಡುವ ವಿಡಿಯೋಗಳು ಈಗ ಎಲ್ಲಿ ನೋಡಿದರೂ ಸಿಗುತ್ತವೆ. ನೋಡಿದರೆ ಆಸೆಯಾಗುತ್ತದೆ, ನಿಜ. ಒಂದು ಬಾಟಲಿ ಪೇಂಟ್ ರಿಮೂವರ್, ನಾಲ್ಕೈದು ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಒಂದು ಟ್ಯೂಬ್ ಮೆಟಲ್ ಪಾಲಿಶ್, ಒಂದು ಭಾನುವಾರ. ಇಷ್ಟೇ ತಾನೇ ಅನಿಸುತ್ತದೆ. ನನ್ನ ತಮ್ಮನಿಗೂ ಹಾಗೇ ಅನಿಸಿತ್ತು. ಅವನ ಕೈಗೆ ಏನಾಯಿತು, ಕಾರಿಗೆ ಏನಾಯಿತು ಅಂತ ಹೇಳುತ್ತೇನೆ. ಇನ್ನೊಬ್ಬರ ಮನೆಯಲ್ಲಿ ಇದು ಆಗಬಾರದು.

ನಮ್ಮ ಮನೆ ಕುಂದಾಪುರದ ಹತ್ತಿರ. ಸಮುದ್ರದ ಗಾಳಿ ನೇರ ಬಡಿಯುವ ಜಾಗ. ತಮ್ಮ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದ್ದದ್ದು ಡೈಮಂಡ್ ಕಟ್ ವೀಲ್. ಅಂದರೆ ಮುಂಭಾಗವನ್ನು ಲೇತಿನಲ್ಲಿ ಸಣ್ಣಗೆ ಕೆತ್ತಿ, ಆ ಲೋಹದ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದಿರುತ್ತಾರೆ. ಕಲ್ಲು ಸಿಡಿದೋ ಫುಟ್‌ಪಾತ್ ಅಂಚಿಗೆ ಉಜ್ಜಿಯೋ ಆ ಕೋಟ್ ಒಂದು ಕಡೆ ಎದ್ದರೆ ಸಾಕು. ಉಪ್ಪಿನ ಪಸೆ ಅಡಿಗೆ ಸೇರಿ, ಹುಳು ಹರಿದ ಹಾಗೆ ಬಿಳಿ ಗೆರೆಗಳು ಹಬ್ಬುತ್ತವೆ. ನಾಲ್ಕೂ ವೀಲ್‌ಗಳಲ್ಲಿ ಅದೇ ಆಗಿತ್ತು.

ಅವನು ಪೇಂಟ್ ಅಂಗಡಿಗೆ ಹೋಗಿ ಕೇಳಿದ. ಅಂಗಡಿಯವರು ದೊಡ್ಡ ಡಬ್ಬದಿಂದ ಒಂದು ಖಾಲಿ ಬಾಟಲಿಗೆ ರಿಮೂವರ್ ಬಗ್ಗಿಸಿ ಕೊಟ್ಟರು. ಲೇಬಲ್ ಇಲ್ಲ, ಹೆಸರಿಲ್ಲ. "ಬ್ರಷ್‌ನಲ್ಲಿ ಬಳಿದು ಹತ್ತು ನಿಮಿಷ ಬಿಡಿ, ತಾನೇ ಸುಲಿದು ಬರುತ್ತೆ. ಕೈಗೆ ಗ್ಲೌಸ್ ಹಾಕಿಕೊಂಡರೆ ಆಯ್ತು" ಅಂದರಂತೆ. ಈ ಕೊನೆಯ ಮಾತೇ ಅವನನ್ನು ಆಸ್ಪತ್ರೆಗೆ ಕಳಿಸಿದ್ದು.

ಹೊರಗೆ ಮಳೆ ಹನಿಯುತ್ತಿತ್ತು. ಅದಕ್ಕೇ ಶೆಡ್ಡಿನ ಒಳಗೆ, ಶಟರ್ ಅರ್ಧ ಎಳೆದುಕೊಂಡು, ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಕೈಗೆ ತೆಳು ನೀಲಿ ಗ್ಲೌಸ್, ಮೂಗಿಗೆ ಬಟ್ಟೆಯ ಮಾಸ್ಕ್. ಪೇಂಟ್ ಗುಳ್ಳೆಯೆದ್ದು ಚೆನ್ನಾಗಿಯೇ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು ಎಂದ. ಎದ್ದು ನಿಂತರೆ ಕಣ್ಣು ಕತ್ತಲೆ. ಗ್ಲೌಸ್ ಒಳಗೆ ಬೆರಳು ಉರಿಯುತ್ತಿದೆ ಎಂದು ಎಳೆದು ತೆಗೆದರೆ ಅದು ಉಬ್ಬಿ, ಮೆತ್ತಗಾಗಿ, ಹರಿದೇ ಬಂತು. ಮಣಿಕಟ್ಟಿನ ಸುತ್ತ ಚರ್ಮ ಬೆಳ್ಳಗಾಗಿತ್ತು. ಅಮ್ಮ ಅವನನ್ನು ಹೊರಗೆ ಎಳೆದುಕೊಂಡು ಬಂದು ನಲ್ಲಿಯ ಕೆಳಗೆ ಕೈ ಹಿಡಿಸಿದರು. ತುಂಬ ಹೊತ್ತು ಹಾಗೇ ನೀರು ಬಿಟ್ಟದ್ದು ಒಳ್ಳೆಯದಾಯಿತು ಎಂದು ಆಮೇಲೆ ಡಾಕ್ಟರ್ ಹೇಳಿದರು. ಆದರೆ ಅವರ ಮೊದಲ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ: ಅದರಲ್ಲಿ ಏನಿತ್ತು?

ನಾನು ಅಂಗಡಿಗೆ ಓಡಿದೆ. ದೊಡ್ಡ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು: ಮೀಥೈಲೀನ್ ಕ್ಲೋರೈಡ್.

ಈ ಹೆಸರು ದಯವಿಟ್ಟು ನೆನಪಿಡಿ. ಡೈಕ್ಲೋರೋಮೀಥೇನ್ ಎಂದೂ ಬರೆದಿರುತ್ತಾರೆ. ಸಾಮಾನ್ಯ ರಬ್ಬರ್ ಗ್ಲೌಸನ್ನೂ ಆಸ್ಪತ್ರೆಯ ನೀಲಿ ಗ್ಲೌಸನ್ನೂ ಇದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಇದರ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ನೆಲದ ಮೇಲೆ ಕೂತು ವೀಲ್ ಉಜ್ಜುವವರ ಮೂಗೂ ಅಲ್ಲೇ ಇರುತ್ತದೆ ಅಲ್ವಾ? ದೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಒಳಗೆ ಹೋದದ್ದರಲ್ಲಿ ಒಂದು ಪಾಲನ್ನು ನಮ್ಮ ದೇಹವೇ ಕಾರ್ಬನ್ ಮೊನಾಕ್ಸೈಡ್ ಮಾಡುತ್ತದೆ. ಹೃದಯದ ತೊಂದರೆ ಇದ್ದವರಿಗಂತೂ ಇದು ತುಂಬಾ ಅಪಾಯ. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಜನ ಸತ್ತಿದ್ದಾರೆ. ಅಮೆರಿಕದಲ್ಲಿ ಇಂಥ ಪೇಂಟ್ ರಿಮೂವರನ್ನು ಮನೆಬಳಕೆಗೆ ಮಾರಬಾರದು ಎಂದು 2019ರಲ್ಲೇ ನಿಯಮ ಮಾಡಿದರು. ನಮ್ಮ ಅಂಗಡಿಯಲ್ಲಿ ಅದು ಹೆಸರಿಲ್ಲದ ಬಾಟಲಿಯಲ್ಲಿ ಕೈಗೆ ಬರುತ್ತದೆ. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ವಿಷಯಕ್ಕೇ.

ತಮ್ಮನ ಕೈ ವಾಸಿಯಾಯಿತು. ಕಲೆ ಉಳಿದಿದೆ.

ಇನ್ನೂ ಪೇಂಟ್ ಕೀಳದ ಎರಡು ವೀಲ್‌ಗಳನ್ನು ಒಂದು ವಾಷಿಂಗ್ ಸೆಂಟರಿಗೆ ಕೊಟ್ಟೆವು. ಅಲ್ಲಿಯವರು ಕಾಸ್ಟಿಕ್ ಸೋಡಾ ಕಲಸಿದ ನೀರಿನಲ್ಲಿ ರಾತ್ರಿಯಿಡೀ ಅದ್ದಿಟ್ಟರು. ಕಬ್ಬಿಣದ ಗೇಟಿನ ಪೇಂಟ್ ಹಾಗೆ ಕೀಳಬಹುದು. ಅಲ್ಯೂಮಿನಿಯಂಗೆ ಅದು ಆಗುವುದೇ ಇಲ್ಲ. ಕಾಸ್ಟಿಕ್ ಲೋಹವನ್ನೇ ತಿನ್ನುತ್ತದೆ, ಬಿಸಿಯಾಗುತ್ತದೆ, ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಹತ್ತಿರ ಬೀಡಿ ಹಚ್ಚಿದರೂ ಕಷ್ಟ. ಎರಕದ ವೀಲ್‌ಗಳಲ್ಲಿ ಸಾಮಾನ್ಯವಾಗಿ ಶೇ. 7ರಷ್ಟು ಅಥವಾ ಇನ್ನೂ ಜಾಸ್ತಿ ಸಿಲಿಕಾನ್ ಇರುತ್ತದೆ. ಅದು ಕಾಸ್ಟಿಕ್‌ಗೆ ಅಷ್ಟು ಬೇಗ ಕರಗದೆ ಮೇಲೆ ಕಪ್ಪಾಗಿ ಉಳಿಯುತ್ತದೆ. ನಮ್ಮ ವೀಲ್‌ಗಳು ಮಸಿ ಬಳಿದುಕೊಂಡು, ಮೈತುಂಬ ಸಣ್ಣ ಸಣ್ಣ ಗುಳಿಗಳೊಂದಿಗೆ ವಾಪಸ್ ಬಂದವು. ಅವನ್ನು ಮತ್ತೆ ರಸ್ತೆಗೆ ಇಳಿಸುವ ಧೈರ್ಯ ನಮಗೆ ಬರಲಿಲ್ಲ. ಗುಜರಿಗೆ ಹಾಕಿದೆವು.

ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಇದೇ ಸಾಲಿಗೆ ಸೇರಿದ್ದು. ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಕೈಗೆ ತಾಗಿದರೆ ಮೊದಲು ನೋವೇ ಗೊತ್ತಾಗದಿರಬಹುದು. ಗಂಟೆಗಳು ಕಳೆದ ಮೇಲೆ ಒಳಗಿನಿಂದ ನೋವು ಶುರುವಾಗುತ್ತದೆ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ನೀರಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ, ಆಸಿಡ್ ಹೆಸರು ಹೇಳಿ. ಅದಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಎಂಬ ಬೇರೆಯೇ ಮದ್ದಿದೆ.

ಪೇಂಟನ್ನು ಬೆಂಕಿಯಲ್ಲಿ ಸುಡುವ ವಿಡಿಯೋಗಳೂ ಇವೆ. ವೀಲ್ ಗಟ್ಟಿಯಾಗುವುದೇ ಫ್ಯಾಕ್ಟರಿಯಲ್ಲಿ ಅಳೆದು ಕೊಟ್ಟ ಶಾಖದಿಂದ. ಬ್ಲೋ ಟಾರ್ಚ್ ಹಿಡಿದರೆ ಆ ಗಟ್ಟಿತನ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಉಳಿದ ಎರಡು ವೀಲ್‌ಗಳನ್ನು ತಮ್ಮ ಹಟ ಹಿಡಿದು ಕೈಯಲ್ಲೇ ಉಜ್ಜಿದ. 240 ನಂಬರಿನ ಒರಟು ಪೇಪರ್‌ನಿಂದ ಶುರುಮಾಡಿ 400, 800, 1200, ಕೊನೆಗೆ ನುಣುಪಾದ 2000, ಎಲ್ಲ ನೀರು ಹಾಕಿಕೊಂಡೇ. ಹೊಳಪು ಬಂತು. ಲೇತಿನ ಗೆರೆಗಳು ಮಾತ್ರ ಹೋದವು. ಅವು ಕೈಯಲ್ಲಿ ಮತ್ತೆ ಬರುವಂಥವಲ್ಲ. ಕಡ್ಡಿಗಳ ಸಂದಿ, ನಟ್ ಕೂರುವ ಗುಂಡಿಗಳ ಒಳಗೆ ಬೆರಳೇ ಹೋಗದೆ ಅಲ್ಲೆಲ್ಲ ಹಳೆ ಪೇಂಟ್ ಹಾಗೇ ಉಳಿಯಿತು. ಟೈರ್ ಕೂರುವ ಒಳ ಅಂಚನ್ನೂ ಒರಟು ಪೇಪರ್‌ನಲ್ಲಿ ಉಜ್ಜಿದ್ದರಿಂದ ಒಂದು ವೀಲ್ ದಿನಾ ಗಾಳಿ ಬಿಡತೊಡಗಿತು. ಪಂಕ್ಚರ್ ಅಂಗಡಿಯ ಅಣ್ಣ ನೀರಲ್ಲಿ ಮುಳುಗಿಸಿ ಗುಳ್ಳೆ ತೋರಿಸಿದರು. ಆ ಅಂಚನ್ನು ಯಾರೂ ಮುಟ್ಟಬಾರದು.

ಆ ಹೊಳಪೂ ಮಳೆಗಾಲದವರೆಗೆ ಮಾತ್ರ. ಕೋಟ್ ಇಲ್ಲದ ಅಲ್ಯೂಮಿನಿಯಂ ಮೇಲೆ ಉಪ್ಪಿನ ಗಾಳಿ, ಕೆಸರು, ಬ್ರೇಕಿನ ದೂಳು ಕೂತು, ಜುಲೈ ಹೊತ್ತಿಗೆ ಬೂದುಬಣ್ಣ, ಅಲ್ಲಲ್ಲಿ ಬಿಳಿ ಹುಡಿ. ಮೇಲೆ ಕ್ಲಿಯರ್ ಸ್ಪ್ರೇ ಹೊಡೆದರಾಯಿತಲ್ಲ ಎನ್ನುತ್ತೀರಾ? ನುಣುಪಾಗಿ ಪಾಲಿಶ್ ಆದ ಲೋಹಕ್ಕೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಎದ್ದು ಬಂದರೆ ಮತ್ತೆ ಅದೇ ಬಿಳಿ ಗೆರೆಗಳು.

ವೀಲ್ ಹಾಳಾಗಿದ್ದರೆ ಲೇತ್ ಇರುವ ವೀಲ್ ರಿಪೇರಿಯವರ ಹತ್ತಿರ ಹೋಗಿ. ಡೈಮಂಡ್ ಕಟ್ ಮತ್ತೆ ಮಾಡುವಾಗ ಪ್ರತಿ ಸಲವೂ ಲೋಹ ಸವೆಯುತ್ತದೆ, ಹಾಗಾಗಿ ಹಿಂದೆ ಮಾಡಿಸಿದ್ದರೆ ಮೊದಲೇ ತಿಳಿಸಿ. ಪೌಡರ್ ಕೋಟಿಂಗ್ (ಪುಡಿ ಪೇಂಟ್ ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವುದು) ಆದರೆ ಓವನ್ ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಇರುತ್ತದೆ. ಅದಕ್ಕಿಂತ ಜಾಸ್ತಿ ಕಾಯಿಸುತ್ತೇವೆ ಎಂದರೆ ಬೇರೆ ಕಡೆ ಹೋಗಿ. ನಟ್ ಕೂರುವ ಜಾಗದಲ್ಲೂ, ಹಬ್‌ಗೆ (ವೀಲ್ ಕೂರಿಸುವ ಕಾರಿನ ಭಾಗಕ್ಕೆ) ತಾಗುವ ಹಿಂಭಾಗದಲ್ಲೂ ದಪ್ಪ ಪೇಂಟ್ ಇರಬಾರದು. ಪೇಂಟ್ ಅಮುಕಿಕೊಂಡು ನಟ್ ಸಡಿಲವಾಗುತ್ತದೆ. ವೀಲ್ ಹಾಕಿಸಿ 50–100 ಕಿಲೋಮೀಟರ್ ಓಡಿಸಿದ ಮೇಲೆ ನಟ್ ಎಷ್ಟು ಬಿಗಿಯಿದೆ ಎಂದು ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಇನ್ನೊಮ್ಮೆ ನೋಡಿಸಿ.

ರಿಮೂವರ್ ಈಗಾಗಲೇ ಮನೆಗೆ ತಂದಿದ್ದರೆ ಚರಂಡಿಗೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ. ಅದು ಮಣ್ಣಿನೊಳಗೆ ಇಳಿದು ಬಾವಿಯ ನೀರಿಗೆ ಸೇರಬಹುದು. ಬಾಟಲಿಯ ಮೇಲೆ ದೊಡ್ಡದಾಗಿ ಹೆಸರು ಬರೆದು, ಮುಚ್ಚಳ ಬಿಗಿದು, ತಂದ ಅಂಗಡಿಗೇ ವಾಪಸ್ ಕೊಡಿ. ನಾವು ಹಾಗೇ ಮಾಡಿದೆವು.