ಟ್ಯಾಂಕಿನ ಹೊಳಪು ನೋಡಿ ಹಳೆ ಬೈಕು ತೆಗೆದುಕೊಳ್ಳಬೇಡಿ, ಸೀಟು ಎತ್ತಿ ನೋಡಿ

2025ರ ಮೇ ಮೊದಲ ವಾರ ಉಡುಪಿ ಜಿಲ್ಲೆಯ ಕಾಪು ಕಡೆಯ ಒಂದು ಮನೆಯವರು, ಆಗಷ್ಟೇ ಲೈಸೆನ್ಸ್ ಆದ ಮಗನಿಗೆಂದು 36,000 ರೂಪಾಯಿಗೆ ಹಳೆ ಬೈಕೊಂದನ್ನು ತೆಗೆದುಕೊಂಡರು. 150 ಸಿಸಿ, 2010ರ ಅಕ್ಟೋಬರ್‌ನಲ್ಲಿ ನೋಂದಣಿ, ಕೆಎ 20 ನಂಬರು. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸೀಟಿಗೆ ಹೊಸ ಕವರ್, ಮೀಟರಿನಲ್ಲಿ 31 ಸಾವಿರ ಕಿಲೋಮೀಟರ್. "ಇದರಲ್ಲಿ ಎಂತ ನೋಡ್ಲಿಕ್ಕುಂಟು ಸಾರ್, ಒಬ್ಬರೇ ಓನರ್, ಮನೆಯಲ್ಲೇ ಇದ್ದ ಗಾಡಿ" ಎಂದರು ಮಾರುವವರು. ಆ ವರ್ಷ ಮಳೆ ಮೇ ಕೊನೆಗೇ ಹಿಡಿಯಿತು. ಜೂನ್ ಎರಡನೇ ವಾರದ ಒಂದು ಸಂಜೆ ಉದ್ಯಾವರ ಸೇತುವೆಯ ಮೇಲೆ, ಹಿಂದಿನಿಂದ ಟ್ಯಾಂಕರ್ ಬರುತ್ತಿರುವಾಗ, ಇಂಜಿನ್ ನಿಂತುಹೋಯಿತು. ಹುಡುಗ ಬೈಕನ್ನು ಹೇಗೋ ತಡೆಗೋಡೆಗೆ ಒತ್ತಿ ನಿಲ್ಲಿಸಿದ, ಟ್ಯಾಂಕರಿನವರು ಬ್ರೇಕ್ ಹೊಡೆದರು, ಯಾರಿಗೂ ಏನೂ ಆಗಲಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಿದಾಗ ಏನೇನು ಕಂಡಿತು, ಅದನ್ನು ದುಡ್ಡು ಕೊಡುವ ಮೊದಲೇ ಹೇಗೆ ಕಂಡುಹಿಡಿಯಬಹುದಿತ್ತು ಎಂಬುದನ್ನು ಇಲ್ಲಿ ಬರೆದಿದೆ. ಮನೆಯಲ್ಲಿ ಹೊಸದಾಗಿ ಗಾಡಿ ಕಲಿತ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ಇಂಜಿನ್ ನಿಲ್ಲಲು ಕಾರಣ ಪೆಟ್ರೋಲ್ ಟ್ಯಾಂಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬೌಲ್ ಬಿಚ್ಚಿದರೆ ತಳದಲ್ಲಿ ಒಂದು ಚಮಚದಷ್ಟು ಕೆಂಪು ಗಸಿ, ಪೆಟ್ರೋಲು ಹಾಯುವ ಜೆಟ್ಟಿನ ತೂತು ಮುಚ್ಚಿಹೋಗಿತ್ತು. ಟ್ಯಾಂಕಿಗೆ ಹೊರಗಿನಿಂದ ಹೊಸ ಪೇಂಟ್ ಹೊಡೆದಿದ್ದರು, ಒಳಗಿನ ತಳ ಪದರು ಪದರಾಗಿ ಏಳುತ್ತಿತ್ತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕು ಪೆಟ್ರೋಲಿಟ್ಟು ಗಾಡಿಯನ್ನು ಒಂದು ಮಳೆಗಾಲ ನಿಲ್ಲಿಸಿದರೆ ನೀರು ಬೇರ್ಪಟ್ಟು ತಳ ಸೇರುತ್ತದೆ, ತುಕ್ಕು ಅಲ್ಲಿಂದ ಶುರುವಾಗುತ್ತದೆ. ಹಾಗಾಗಿ ಟ್ಯಾಂಕಿನ ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಮೊಬೈಲ್ ಟಾರ್ಚ್ ಸಾಕು, ಮೊಬೈಲನ್ನು ಟ್ಯಾಂಕಿನ ಬಾಯಿಗೆ ತಾಗಿಸಬೇಡಿ, ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚಬಾರದು. ಆಮೇಲೆ ಕಾರ್ಬೊರೇಟರಿನ ಅಡಿಯ ಡ್ರೇನ್ ಸ್ಕ್ರೂ ಸಡಿಲಿಸಿ ನೂರು ಎಂಎಲ್‌ನಷ್ಟು ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಅಡಿಯಲ್ಲಿ ಕೆಂಪು ಹುಡಿ ಕೂತರೆ, ಅಥವಾ ಬೇರೆಯೇ ಒಂದು ಪದರ ಕಂಡರೆ, ಟ್ಯಾಂಕು ಕೆಟ್ಟಿದೆ ಎಂದೇ ಲೆಕ್ಕ. ಮಾರುವವರು ಬಿಡದಿದ್ದರೆ ಆ ಬೈಕು ಬೇಡ.

ಎರಡನೆಯದು ಇನ್ನೂ ಕೆಟ್ಟದ್ದು. ಸೀಟು ಎತ್ತಿದಾಗ ವೈರಿಂಗಿಗೆ ಸುತ್ತಿದ ಕಪ್ಪು ಟೇಪಿನ ಮೇಲೆ ಏನೋ ಮಿನುಗಿತು. ಉಗುರಿನಲ್ಲಿ ಕಿತ್ತು ನೋಡಿದರೆ ಒಣಗಿದ ಮೀನಿನ ಹುರುಪೆ. ಒಂದಲ್ಲ, ಏಳೆಂಟು. ಬ್ಯಾಟರಿ ಕೂರುವ ತಗಡು ಅಂಚಿನಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಈ "ಮನೆಯಲ್ಲೇ ಇದ್ದ ಗಾಡಿ" ವರ್ಷಗಟ್ಟಲೆ ಹಿಂದಿನ ಸೀಟಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತು ತಿರುಗಿದೆ. ಮೀನು ಮಾರುವವರ ಮೇಲೆ ಇಲ್ಲಿ ದೂರಿಲ್ಲ, ಬೆಳಗಿನ ಜಾವ ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ಬಂಗುಡೆ, ಬೂತಾಯಿ ಹೊತ್ತು ಊರೂರಿಗೆ ತಲುಪಿಸುವವರು ಕಷ್ಟಪಟ್ಟು ದುಡಿಯುವವರು. ಆದರೆ ಪೆಟ್ಟಿಗೆಯಿಂದ ಸೋರುವ ಉಪ್ಪು ನೀರು ಸೀದಾ ಇಳಿಯುವುದು ಸೀಟಿನ ಕೆಳಗಿನ ಚಾಸಿಸ್, ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ. ಬರಿ ಮಳೆ ನೀರಾದರೆ ಬಿಸಿಲಿಗೆ ಒಣಗುತ್ತದೆ. ಉಪ್ಪು ಒಣಗಿದ ಮೇಲೂ ಅಲ್ಲೇ ಕೂತು, ನಮ್ಮ ಕರಾವಳಿಯ ಗಾಳಿಯಲ್ಲಿರುವ ತೇವವನ್ನು ದಿನವೂ ಎಳೆದುಕೊಳ್ಳುತ್ತದೆ, ಪೇಂಟಿನ ಅಡಿಯಿಂದಲೇ ಕಬ್ಬಿಣ ತಿನ್ನುತ್ತದೆ.

ಸ್ವಿಂಗ್ ಆರ್ಮಿನ ಅಡಿಭಾಗಕ್ಕೆ ದಪ್ಪ ಕಪ್ಪು ಪೇಂಟ್ ಬಳಿದಿದ್ದರು. ಅದನ್ನು ಕೆರೆದಾಗ ಬಲಬದಿಯಲ್ಲಿ ಎರಡಿಂಚು ಉದ್ದದ ವೆಲ್ಡಿಂಗ್, ಅದರ ಪಕ್ಕದಲ್ಲಿ ಮತ್ತೊಂದು ತೂತು. ಹಿಂದಿನ ಚಕ್ರ ನಿಂತಿರುವುದೇ ಆ ಪೈಪಿನ ಮೇಲೆ. ತುಕ್ಕು ತಿಂದು ತೆಳುವಾದ ಪೈಪಿಗೆ ಹಾಕಿದ ವೆಲ್ಡಿಂಗ್ ಅದರ ಅಂಚಿನಲ್ಲೇ ಮತ್ತೆ ಬಿರಿಯುತ್ತದೆ, ಅದೂ ಇಬ್ಬರು ಕೂತು ಗುಂಡಿಗೆ ಇಳಿಸಿದ ಹೊತ್ತಿಗೆ. ನೋಡುವುದು ಕಷ್ಟವೇನಲ್ಲ. ಹಳೆ ಗೋಣಿಯೊಂದನ್ನು ನೆಲಕ್ಕೆ ಹಾಸಿ, ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿ, ಮಲಗಿ ಕೆಳಗಿನಿಂದ ನೋಡಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ಸ್ವಿಂಗ್ ಆರ್ಮ್, ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಫುಟ್‌ರೆಸ್ಟ್ ಬುಡ, ಇಂಜಿನ್ ಹಿಡಿದಿರುವ ಪೈಪು, ಇಷ್ಟಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದದ್ದು ಡಬ್ ಎನ್ನುತ್ತದೆ. ಡಬ್ ಎಂದಲ್ಲಿ ತುದಿಯಿಂದ ಒತ್ತಿ ನೋಡಿ. ಬೇರೆಲ್ಲ ಹಳತಾಗಿ ಬೂದು ಹಿಡಿದಿರುವಾಗ ಅಡಿಭಾಗ ಮಾತ್ರ ಹೊಸ ಕಪ್ಪಿನಲ್ಲಿ ಮಿಂಚುತ್ತಿದ್ದರೆ ಅದು ಮುಚ್ಚಿಡಲಿಕ್ಕೆ ಬಳಿದದ್ದು. ಹಿಂದಿನ ಹಿಡಿಕೆಯಲ್ಲಿ ಹಗ್ಗ ಉಜ್ಜಿದ ಗೆರೆ, ಕ್ಯಾರಿಯರ್ ಕೂರಿಸಲು ಕೊರೆದ ತೂತು ಕಂಡರೆ ಆ ಗಾಡಿ ಏನು ಹೊತ್ತಿತ್ತು ಎಂದು ಕೇಳಿ.

ಮೀಟರಿನ ಲೆಕ್ಕವನ್ನಂತೂ ನಂಬಲೇಬೇಡಿ. ಕೇಬಲ್ ತೆಗೆದು ಓಡಿಸಿದರೆ ಮೀಟರ್ ನಿಂತೇ ಇರುತ್ತದೆ. ಗೇರ್ ಲಿವರಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ, ಬ್ರೇಕ್ ಪೆಡಲಿನ ಗೆರೆಗಳು ನುಣುಪಾಗಿದ್ದರೆ ಅದು 31 ಸಾವಿರದ ಗಾಡಿಯಲ್ಲ.

ಇನ್ನು ಇಂಜಿನ್. ನೋಡಲು ಹೋದಾಗ ಮೊದಲು ಇಂಜಿನ್ ಮುಟ್ಟಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, "ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಮುಟ್ಟಬೇಡಿ" ಎಂದು ಹೇಳಿ ಹೊರಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಒಂದು ಸಲ ನೀಲಿ ಹೊಗೆ ಉಗುಳಿ ನಿಂತರೆ ವಾಲ್ವ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದಿದೆ, ಸಿಲಿಂಡರ್ ಕೊರೆಸುವ ಬೋರ್ ಕೆಲಸ ಕಾದಿದೆ. ಮಳೆಗಾಲದ ಬೆಳಿಗ್ಗೆ ತೆಳುವಾದ ಬಿಳಿ ಹಬೆ ಬಂದು ಮಾಯವಾದರೆ ಹೆದರಬೇಕಾಗಿಲ್ಲ. ಮೇಲಿನಿಂದ ಟಿಕ್ ಟಿಕ್ ಸದ್ದು ಬಂದರೆ ಟ್ಯಾಪೆಟ್ ಹೊಂದಿಸಿದರೆ ಸರಿಹೋಗಬಹುದು. ತಳದಿಂದ ಭಾರವಾದ ಟಕ್ ಟಕ್ ಬಂದರೆ ಅದು ಕ್ರ್ಯಾಂಕಿನದ್ದು, ಆ ಬೈಕನ್ನು ಬಿಟ್ಟುಬಿಡಿ.

ಸದ್ದು ಹೊಗೆ ಎರಡನ್ನೂ ಸ್ವಲ್ಪ ದಿನ ಅಡಗಿಸಲು ಒಂದು ಉಪಾಯ ಇದೆ. ಕಂಪನಿ ಹೇಳಿದ ತೆಳು ಆಯಿಲ್ ಬದಲು 20ಡಬ್ಲ್ಯು50ರಂಥ ದಪ್ಪ ಆಯಿಲ್ ಹಾಕುವುದು. ಈ ಬೈಕಿನಲ್ಲೂ ಹಾಗೇ ಆಗಿತ್ತು. ಡಿಪ್‌ಸ್ಟಿಕ್ ತೆಗೆದು ಆಯಿಲನ್ನು ಬೆರಳ ತುದಿಗೆ ಹಚ್ಚಿ ನೋಡಿ, ಯಾವ ಆಯಿಲ್ ಎಂದು ಕೇಳಿ, ಬೈಕಿನ ಕೈಪಿಡಿಯಲ್ಲಿ ಬರೆದದ್ದಕ್ಕೆ ಹೋಲಿಸಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಇಂಜಿನ್ನಿಗೆ ನೀರು ಹೋಗಿದೆ. 2018ರ ಮೇ 29ರಂದು ಮಂಗಳೂರು, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ಹೇಗೆ ಮುಳುಗಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಆಗ ನೆರೆ ನೀರಲ್ಲಿ ನಿಂತ ಗಾಡಿಗಳು ಎಷ್ಟೋ ಕೈ ಬದಲಾಗಿವೆ. ಹೆಡ್‌ಲೈಟ್ ಡೂಮಿನ ಒಳಗೆ, ಏರ್ ಫಿಲ್ಟರ್ ಪೆಟ್ಟಿಗೆಯ ಮೂಲೆಯಲ್ಲಿ ಒಣ ಕೆಸರಿನ ಗೆರೆ ಉಳಿದಿರುತ್ತದೆ, ಅಲ್ಲಿ ಯಾರೂ ತೊಳೆಯುವುದಿಲ್ಲ. ವೈರಿಂಗ್ ಕಪ್ಲರ್ ಒಂದೆರಡನ್ನು ಬಿಡಿಸಿ ನೋಡಿ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ಮಳೆಯಲ್ಲಿ ಇಂಡಿಕೇಟರ್, ಹಾರ್ನ್, ಕೊನೆಗೆ ಇಗ್ನಿಷನ್ ಒಂದೊಂದಾಗಿ ಕೈಕೊಡುತ್ತವೆ. ಮಲ್ಟಿಮೀಟರ್ ಇದ್ದರೆ ಬ್ಯಾಟರಿಗೆ ಇಟ್ಟು ನೋಡಿ: ಇಂಜಿನ್ ನಿಂತಾಗ ಸುಮಾರು 12.5 ವೋಲ್ಟ್, ಓಡುವಾಗ ಆಕ್ಸಿಲರೇಟರ್ ಕೊಟ್ಟರೆ 14ರ ಆಸುಪಾಸು ಬರಬೇಕು.

ಹೊಸಬರನ್ನು ಬೀಳಿಸುವ ಭಾಗ ಹ್ಯಾಂಡಲಿನ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು. ಇದನ್ನು ಯಾರೂ ನೋಡುವುದೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಒಬ್ಬರು ಹಿಂದೆ ಒತ್ತಿ ಹಿಡಿಯಲಿ. ಎರಡೇ ಬೆರಳಲ್ಲಿ ಹ್ಯಾಂಡಲನ್ನು ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ತಿರುಗಿಸಿ. ನಟ್ಟನಡುವೆ ಬಂದಾಗ ಸಣ್ಣ ಗುಂಡಿಗೆ ಬಿದ್ದ ಹಾಗೆ ಕಚ್ಚಿದರೆ ಬೇರಿಂಗಿನ ಬಟ್ಟಲಲ್ಲಿ ಕಚ್ಚು ಬಿದ್ದಿದೆ. ನುರಿತವರು ಅರಿವಿಲ್ಲದೆಯೇ ಸಂಭಾಳಿಸುತ್ತಾರೆ. ಹೊಸಬರಿಗೆ ನಿಧಾನ ವೇಗದಲ್ಲಿ ಗಾಡಿ ಓಲಾಡುತ್ತದೆ, "ನನಗೇ ಬ್ಯಾಲೆನ್ಸ್ ಬರುವುದಿಲ್ಲ" ಎಂದುಕೊಂಡು ಧೈರ್ಯ ಕಳೆದುಕೊಳ್ಳುತ್ತಾರೆ. ಈ ಹುಡುಗನೂ ಒಂದು ತಿಂಗಳು ಹಾಗೇ ಅಂದುಕೊಂಡಿದ್ದ. ತಪ್ಪು ಅವನದ್ದಾಗಿರಲಿಲ್ಲ.

ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಉಗುರು ಎಳೆಯಿರಿ. ಸಣ್ಣ ಸಣ್ಣ ತುಕ್ಕಿನ ಗುಳಿ ತಾಗಿದರೆ ಎಷ್ಟು ಸಲ ಆಯಿಲ್ ಸೀಲ್ ಬದಲಿಸಿದರೂ ಸೋರುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತದೆ, ಬ್ರೇಕ್ ಆಯಿಲ್ ಕಷಾಯದಂತೆ ಕಪ್ಪಾಗಿರಬಾರದು, ಬ್ರೇಕ್ ಹಿಡಿದು ಬಿಟ್ಟ ಮೇಲೆ ಚಕ್ರ ಸಲೀಸಾಗಿ ತಿರುಗಬೇಕು. ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲು ಕಂಡರೆ ಚೈನ್ ಸ್ಪ್ರಾಕೆಟ್ ಸೆಟ್ ಪೂರ್ತಿ ಬದಲಿಸಬೇಕು. ಟಯರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟಯರಿನ ರಬ್ಬರ್ ಗಟ್ಟಿಯಾಗಿರುತ್ತದೆ, ಹಲ್ಲು ಎಷ್ಟೇ ಇದ್ದರೂ ಮಳೆಗೆ ರಸ್ತೆಗಿಳಿದ ಕೆಂಪು ಮಣ್ಣಿನ ಕೆಸರಲ್ಲಿ ಹಿಡಿತ ಇಲ್ಲ.

ಓಡಿಸಿ ನೋಡುವುದನ್ನು ಕಲಿಯುವವರೇ ಮಾಡುವುದು ಬೇಡ, ಅನುಭವ ಇದ್ದವರೊಬ್ಬರನ್ನು ಕರೆದುಕೊಂಡು ಹೋಗಿ. ಕನಿಷ್ಠ ಇಪ್ಪತ್ತು ನಿಮಿಷ ಓಡಿಸಬೇಕು, ಅದರಲ್ಲಿ ಒಂದು ಏರು ಇರಲೇಬೇಕು. ಮಂಗಳೂರಿನವರಿಗೆ ಲೈಟ್‌ಹೌಸ್ ಹಿಲ್ ರಸ್ತೆ ಉಂಟು, ಉಡುಪಿಯವರಿಗೆ ಮಣಿಪಾಲದ ಏರು ಉಂಟು. ಏರಿನಲ್ಲಿ ಇಂಜಿನ್ ಮೊರೆತ ಹೆಚ್ಚಿ ವೇಗ ಹೆಚ್ಚದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಗೇರು ತಾನಾಗಿ ಹಾರಿದರೆ ಗೇರ್‌ಬಾಕ್ಸ್ ಬಿಚ್ಚಬೇಕಾದೀತು.

ಕಾಗದ ಪತ್ರದ ವಿಷಯಕ್ಕೆ ಬಂದರೆ, ಈ ಮನೆಯವರಿಗೆ ಹೆಚ್ಚು ನೋವಾದದ್ದು ಇಲ್ಲೇ. ಬೈಕಿನ ನೋಂದಣಿ ಇರುವುದು 15 ವರ್ಷಕ್ಕೆ. 2010ರ ಅಕ್ಟೋಬರ್‌ನ ಗಾಡಿಗೆ 2025ರ ಅಕ್ಟೋಬರ್‌ಗೆ ಮುಗಿಯಿತು. ಅಂದರೆ 36,000 ಕೊಟ್ಟು ಅವರು ತೆಗೆದುಕೊಂಡದ್ದು ಐದು ತಿಂಗಳ ಆರ್‌ಸಿ. ಆಮೇಲೆ ನವೀಕರಣದ ಅರ್ಜಿ ಫಾರ್ಮ್ 25 ಕೊಟ್ಟು, ಗಾಡಿಯನ್ನು ಆರ್‌ಟಿಒಗೆ ಒಯ್ದು ಇನ್‌ಸ್ಪೆಕ್ಟರರಿಗೆ ತೋರಿಸಿ, ಪಾಸಾದರೆ ಐದು ವರ್ಷ ಸಿಗುತ್ತದೆ. ಅವಧಿ ಮುಗಿಯುವ ಅರುವತ್ತು ದಿನ ಮೊದಲಿನಿಂದ ಅರ್ಜಿ ಹಾಕಬಹುದು. ತೂತು ಬಿದ್ದ ಸ್ವಿಂಗ್ ಆರ್ಮಿನ ಗಾಡಿಯನ್ನು ಯಾವ ಧೈರ್ಯದಲ್ಲಿ ಒಯ್ಯುವುದು? ಹ್ಯಾಂಡಲಿನ ಬುಡದಲ್ಲಿ ಕೊರೆದ ಚಾಸಿಸ್ ನಂಬರು ತುಕ್ಕಿನಲ್ಲಿ ಅಳಿಸಿದ್ದರೆ ಇನ್ನೊಂದು ತೊಂದರೆ. ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಓದಿ ಹೋಲಿಸಿ, ಇಂಜಿನ್ ನಂಬರನ್ನೂ.

"ಒಬ್ಬರೇ ಓನರ್" ಎಂಬುದು ಸುಳ್ಳಲ್ಲ, ಆದರೆ ಆ ಓನರ್ ಇದ್ದದ್ದು ಗಲ್ಫ್‌ನಲ್ಲಿ. ಗಾಡಿ ಮಧ್ಯೆ ಮೂರು ಕೈ ದಾಟಿದೆ, ಹೆಸರು ಯಾರೂ ಬದಲಿಸಿಲ್ಲ. ಹೆಸರು ಬದಲಾವಣೆಯ ಫಾರ್ಮ್ 29, 30ನ್ನು ಸಹಿ ಹಾಕಿ ಖಾಲಿಯೇ ಕೈಗೆ ಕೊಟ್ಟು "ನಿಧಾನಕ್ಕೆ ಟ್ರಾನ್ಸ್‌ಫರ್ ಮಾಡಿಸಿ" ಎಂದರು. ಆನ್‌ಲೈನ್ ಅರ್ಜಿ ಹಾಕುವಾಗ ಒಟಿಪಿ ಹೋದದ್ದು ಓನರಿನ ಹಳೆ ಮೊಬೈಲ್ ನಂಬರಿಗೆ, ಅದು ಯಾವಾಗಲೋ ಬಂದ್ ಆಗಿದೆ. ಮಾರುವವರಿಗೂ ಎಚ್ಚರಿಕೆ ಇರಲಿ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀವು ಮಾರಿ ಎಷ್ಟು ವರ್ಷವಾಯಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬೈಕು ನೋಡಲು ಹೋಗುವ ಮೊದಲೇ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿ ಎಲ್ಲಿವರೆಗೆ, ವಿಮೆ ಇದೆಯೇ, ಸಾಲ ಬಾಕಿಯೇ, ದಂಡ ಬಾಕಿಯೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಬೇಕು. ಕಾಸರಗೋಡಿನ ಕೆಎಲ್ 14 ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಹೋಗುವವರು, ಅಲ್ಲಿಯ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಓನರ್ ಎದುರಿಗೆ ಬಂದು, ಅವರ ಮೊಬೈಲಿಗೆ ಒಟಿಪಿ ಬಂದು, ಅರ್ಜಿ ಸಲ್ಲಿಕೆಯಾದ ಮೇಲೆಯೇ ಪೂರ್ತಿ ಹಣ. "ಇನ್ನೊಬ್ಬರು ಸಂಜೆ ಬರ್ತಾರೆ, ಐದು ಸಾವಿರ ಹಾಕಿಬಿಡಿ" ಎಂದು ಅವಸರ ಮಾಡಿದರೆ ಆ ಇನ್ನೊಬ್ಬರಿಗೇ ಹೋಗಲಿ.

ಹೊಸಬರಿಗೆ ಯಾವುದು ಸರಿ ಎಂದು ಕೇಳಿದರೆ, 100ರಿಂದ 125 ಸಿಸಿಯ, 110–120 ಕೆಜಿ ಒಳಗಿನ ಗಾಡಿ. ಸ್ಪ್ಲೆಂಡರ್, ಶೈನ್ ಥರದ್ದು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಬಿಡಿ ಭಾಗ ಕುಂದಾಪುರದ ಸಣ್ಣ ಅಂಗಡಿಯಲ್ಲೂ ಸಿಗಬೇಕು. ಬಲಗಾಲಿಗೆ ಗೇರಿರುವ ಹಳೆ ಬುಲೆಟ್, ಆರ್‌ಎಕ್ಸ್ 100 ಇವೆಲ್ಲ ಚಂದದ ಗಾಡಿಗಳೇ, ಕಲಿಯುವ ಕೈಗೆ ಮಾತ್ರ ಬೇಡ. 125 ಸಿಸಿಗಿಂತ ದೊಡ್ಡದೇ ಬೇಕೆಂದಾದರೆ 2019ರ ಏಪ್ರಿಲ್ ನಂತರ ತಯಾರಾದದ್ದನ್ನು ನೋಡಿ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅವುಗಳಿಗೆ ಕಡ್ಡಾಯವಾಗಿದೆ. ಕೈಯಲ್ಲಿರುವ ದುಡ್ಡಿನ ಕಾಲುಭಾಗ ಟಯರು, ಚೈನು, ಬ್ರೇಕಿಗೆಂದು ಮೊದಲೇ ತೆಗೆದಿಡಿ. ಸಾಧ್ಯವಾದರೆ ಮೇ ತಿಂಗಳಲ್ಲಿ ಕೊಳ್ಳಬೇಡಿ, ಜುಲೈವರೆಗೆ ಕಾಯಿರಿ. ಮಳೆಯಲ್ಲಿ ನೆನೆದ ಗಾಡಿ ತನ್ನ ರೋಗ ತಾನೇ ಹೇಳುತ್ತದೆ, ಬೆಲೆಯೂ ಇಳಿದಿರುತ್ತದೆ.

ಕಾಪುವಿನ ಆ ಮನೆಯವರು ಮೂರು ಸಲ ಹೋಗಿ ಮಾತಾಡಿದ ಮೇಲೆ ಮಾರಿದವರು 20,000 ಕೊಟ್ಟು ಬೈಕನ್ನು ವಾಪಸ್ ಒಯ್ದರು. ಅದು ಗುಜರಿಗೆ ಹೋಗಿರಲಾರದು. ಇನ್ನೊಂದು ಕೋಟು ಪೇಂಟ್ ಬಿದ್ದು ಮತ್ತೆ ಯಾರದೋ ಅಂಗಳದಲ್ಲಿ ನಿಲ್ಲಬಹುದು. ಸ್ವಿಂಗ್ ಆರ್ಮಿನ ಅಡಿಗೆ ಬಲಬದಿಯಲ್ಲಿ ಎರಡಿಂಚಿನ ವೆಲ್ಡಿಂಗ್, ಸೀಟಿನ ಕೆಳಗೆ ಎಡಮೂಲೆ ಮುರಿದ ಬ್ಯಾಟರಿ ತಗಡು ಕಂಡರೆ ಅದೇ ಗಾಡಿ, ಕೊಳ್ಳಬೇಡಿ.