ಫೋಲ್ಡ್‌ಸ್ಕೋಪ್: ಮಡಚಿ ಕಟ್ಟುವ ಕಾಗದದ ಸೂಕ್ಷ್ಮದರ್ಶಕ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡದ ಈ ಸಾಧನದ ಜೀವವೆಲ್ಲ ಕಾಳುಮೆಣಸಿಗಿಂತ ಚಿಕ್ಕದಾದ ಒಂದು ಗುಂಡುಮಸೂರದಲ್ಲಿದೆ. 17ನೇ ಶತಮಾನದಲ್ಲಿ ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಡಚ್ಚರ ಲೀವೆನ್‌ಹುಕ್ ಹಿಡಿದದ್ದೂ ಇದೇ ಒಂಟಿ ಮಸೂರದ ದಾರಿ. ಹಿಗ್ಗುವಿಕೆ 140 ಪಟ್ಟು. ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಂತರದ ವಿವರ ಬಿಡಿಬಿಡಿಯಾಗಿ ಕಾಣುತ್ತದೆ. ಈರುಳ್ಳಿ ಜೀವಕೋಶ, ಹೂವಿನ ಪರಾಗ, ಕೆರೆನೀರಿನ ಏಕಕೋಶ ಜೀವಿ ಪ್ಯಾರಮೀಸಿಯಂ ನೋಡಲು ಧಾರಾಳ ಸಾಕು. ಮೊಸರಿನ ಬ್ಯಾಕ್ಟೀರಿಯಾ ಕಾಣಬೇಕೆಂದರೆ ನಿರಾಸೆ ಖಚಿತ.

ಹೊಸಬರು ಸೋಲುವುದು ಮಾದರಿ ತಯಾರಿಯಲ್ಲಿ. ಈರುಳ್ಳಿಯ ಒಳಪದರದ ಪಾರದರ್ಶಕ ಪೊರೆಯನ್ನಷ್ಟೇ ಸುಲಿದು, ಒಂದು ಹನಿ ನೀರಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮಾದರಿ ಮುಚ್ಚುವ ತೆಳು ಪಾರದರ್ಶಕ ಬಿಲ್ಲೆಯಾದ ಕವರ್‌ಸ್ಲಿಪ್ ಅನ್ನು ಓರೆಯಾಗಿ ಇಳಿಸಬೇಕು. ನೇರ ಕೆಡವಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಕಪ್ಪು ಅಂಚಿನ ದುಂಡು ಕಾಣುತ್ತದೆ. ಅದನ್ನೇ ಜೀವಕೋಶ ಎಂದುಕೊಳ್ಳುವವರು ಬಹಳ! ನೀರು ಹೆಚ್ಚಾದರೆ ಮಸೂರಕ್ಕೆ ತಾಗಿ ಚಿತ್ರ ಮಂಜಾಗುತ್ತದೆ, ಹತ್ತಿಯಿಂದ ಒರೆಸಿ.

ಕಣ್ಣು ಮಸೂರಕ್ಕೆ ಬಹುತೇಕ ತಾಗುವಷ್ಟು ಹತ್ತಿರವಿರಲಿ. ಫೋಕಸ್ ಅನ್ನು ಕೂದಲೆಳೆಯಷ್ಟೇ ಸರಿಸಿ. ಬೆಳಕಿಗೆ ಬಿಳಿ ಗೋಡೆ ಅಥವಾ ಬಲ್ಬ್ ಸಾಕು, ಸೂರ್ಯನತ್ತ ಮಾತ್ರ ಹಿಡಿಯಲೇಬೇಡಿ. ಅಯಸ್ಕಾಂತದಿಂದ ಫೋನಿಗೂ ಅಂಟುತ್ತದೆ, ಆದರೆ ಎರಡು ಮೂರು ಕ್ಯಾಮೆರಾ ಇರುವ ಫೋನುಗಳಲ್ಲಿ ಸರಿಯಾದ ಕ್ಯಾಮೆರಾಕ್ಕೆ ಹೊಂದಿಸುವುದು ತಲೆನೋವು.